ಇರುವೆ ಮುತ್ತಿದ ಕೆಂಪು ಕಾರು

ನಮ್ಮ ಕಾರಿಗೆ ಎರಡೇ ಸೀಟು. ಬಲಗಡೆಯದು ಅವರದು, ಎಡಗಡೆಯದು ನನ್ನದು. ಈ ಪಾಲು ಮಾಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಲೈಸೆನ್ಸ್ ಇಲ್ಲವೇ? ಇದೆ. ಅಣ್ಣನ ಓಮ್ನಿಯನ್ನು ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ಒಯ್ದು, ಅದೇ ದಿನ ಘಟ್ಟ ಹತ್ತಿಸಿ ತಂದವಳು ನಾನು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಎಂತೆಂಥ ಪುಂಡರನ್ನು ದಾರಿಗೆ ತಂದಿದ್ದೇನೆ, ಒಂದು ಕ್ಲಚ್ಚು ನನ್ನ ಮಾತು ಕೇಳುವುದಿಲ್ಲವೇ? ಆದರೂ ಬಲಗಡೆಯ ಸೀಟು ಕೇಳಿದಾಗಲೆಲ್ಲ ಇವರದು ಒಂದೇ ರಾಗ.

“ಇದ್ರ ಕ್ಲಚ್ಚು ಬೇರೆ ನಮನಿ ಇದ್ದು ಮಾರಾಯ್ತಿ. ಮುಂದಿನ ಸಲ ನೋಡನ.”

ಆ ಮುಂದಿನ ಸಲಕ್ಕೆ ಈಗ ಇಪ್ಪತ್ತು ವರ್ಷ ದಾಟಿದೆ.

ಇವರೆಂದರೆ ನನ್ನ ಗಂಡ, ಗಣಪ ಡಾಕ್ಟರು. ಈಗ ನಿವೃತ್ತರು. ಶಿರಸಿಯಲ್ಲಿ ಯಾರನ್ನು ಕೇಳಿದರೂ “ಕೆಂಪು ಕಾರಿನ ದನದ ಡಾಕ್ಟ್ರ ಮನೆಯಾ?” ಎಂದು ಬಾಯಿ ಅಗಲಿಸಿ ನಕ್ಕು ದಾರಿ ತೋರಿಸುತ್ತಾರೆ. ಗೋವಾಕ್ಕೆ ಗೆಳೆಯನ ಮದುವೆಗೆಂದು ಹೋದ ಮನುಷ್ಯ, ಬರುವಾಗ ಈ ಕಾರನ್ನು ಕಟ್ಟಿಕೊಂಡು ಬಂದರು. ನೆಲಕ್ಕೆ ಅಂಟಿಕೊಂಡ ಸ್ಪೋರ್ಟ್ಸ್ ಕಾರು. ಮೈ ಫೈಬರಿನದು, ತಲೆಯ ಮೇಲೆ ಮಡಚುವ ಬಟ್ಟೆ. ಮನೆಯಲ್ಲಿ ಆಗ ನಾವು ಮೂರು ಜನ. ಮಗಳು ಸಮೃದ್ಧಿ ಒಂದನೇ ಕ್ಲಾಸು. ಮೂರನೆಯವರು ಎಲ್ಲಿ ಕೂರಬೇಕು ಎಂದು ಕೇಳಿದ್ದಕ್ಕೆ, “ಅದು ಸಣ್ಣದಲ್ದ, ನಿನ್ನ ತೊಡೆ ಮೇಲೆ ಕೂತ್ಗತ್ತು” ಎಂದರು. ಮಕ್ಕಳು ಬೆಳೆಯುತ್ತಾರೆ ಎಂಬುದು, ಕರುಗಳ ಬೆಳವಣಿಗೆಯನ್ನೆಲ್ಲ ಅರೆದು ಕುಡಿದ ಡಾಕ್ಟರಿಗೆ ಹೊಳೆದಿರಲೇ ಇಲ್ಲ.

ಅದೇ ಕಾರಿನಲ್ಲಿ ಹುಲೇಕಲ್ಲು, ಸಿದ್ದಾಪುರ, ಯಲ್ಲಾಪುರ ಎಂದು ದನ ನೋಡಲು ತಿರುಗಿದರು. ಹಳ್ಳಿಯ ದಾರಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು, ಹೊಂಡ ದಾಟಿಸಲು ಜನ ಅಡಿಕೆ ಮರ ಸೀಳಿದ ದಬ್ಬೆ ಹಾಸಿಕೊಡುತ್ತಿದ್ದರು. ಅದರ ಗುಡುಗು ದೂರಕ್ಕೇ ಕೇಳುತ್ತಿತ್ತು. ಹುಲೇಕಲ್ಲಿನ ಕೆರಿಯ ಒಮ್ಮೆ ಮನೆಗೇ ಬಂದು ಕೈ ಮುಗಿದ. “ಡಾಕ್ಟ್ರೇ, ನಿಮ್ಮ ಕಾರನ್ನ ತಿರುವಲ್ಲೇ ನಿಲ್ಸಿ ನಡ್ಕಂಡು ಬನ್ನಿ. ಅದ್ರ ಸದ್ದು ಕೇಳಿದ್ರೆ ಸಾಕು, ನಮ್ಮನೆ ದನ ಕಣ್ಣಿ ಹರ್ಕಂಡು ಬೆಟ್ಟ ಹತ್ತತವೆ.” ಸೂಜಿ ಚುಚ್ಚುವ ಮನುಷ್ಯ ಯಾವ ಗಾಡಿಯಲ್ಲಿ ಬರುತ್ತಾನೆಂದು ದನಗಳಿಗೆ ತಿಳಿದುಹೋಗಿತ್ತು.

ಮೀಟರು ಮೂರು ಲಕ್ಷ ಕಿಲೋಮೀಟರಿಗೆ ಬಂದು ನಿಂತುಬಿಟ್ಟಿತು. ಆಮೇಲಿನದ್ದು ಇವರ ಬಾಯಿಲೆಕ್ಕ, ನಾಲ್ಕು ದಾಟಿದೆಯಂತೆ. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ದೀಪ ಟ್ರ್ಯಾಕ್ಟರಿನದು, ವೈಪರು ಆಟೋರಿಕ್ಷಾದ್ದು. ಮುಂದಿನ ಮೈ ಒಡೆದಾಗ ಹೊನ್ನಾವರದ ದೋಣಿ ರಿಪೇರಿಯವರು ತೇಪೆ ಹಾಕಿಕೊಟ್ಟರು. ಅಂದಿನಿಂದ ಬಿಸಿಲು ಏರಿದರೆ ಸಾಕು, ನನ್ನ ಸೀಟಿನ ಹತ್ತಿರ ಬಂದರಿನ ವಾಸನೆ. ಮಳೆಗಾಲದಲ್ಲಿ ಮೇಲಿನ ಬಟ್ಟೆ ಸೋರಿ, ನಾನು ಕಾರಿನೊಳಗೇ ಕೊಡೆ ಬಿಡಿಸಿ ಕೂತು ಶಾಲೆಗೆ ಹೋದದ್ದೂ ಇದೆ. ಗೇಟಿನಲ್ಲಿ ಇಳಿದಾಗ ಮಕ್ಕಳ ಮುಖ ನೋಡಬೇಕಿತ್ತು. ಇವರಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕಾರಿನ ಕೆಳಗೆ ತೂರಿಕೊಂಡರೆ ಊಟದ ಹೊತ್ತಿನವರೆಗೆ ಬರಿ ಎರಡು ಪಾದ ಕಾಣುತ್ತಿದ್ದವು. ಆ ಪಾದಗಳ ಜೊತೆ ನಾನು ಎಷ್ಟು ಸಂಸಾರದ ಮಾತಾಡಿದ್ದೇನೋ.

ಒಂದನ್ನು ಮಾತ್ರ ಒಪ್ಪಲೇಬೇಕು. ಆ ಕಾರಿನಲ್ಲಿ ಇವರ ಜೊತೆ ಹೋಗುವುದೆಂದರೆ ನನಗೆ ಖುಷಿ. ಇವರಿಗೆ ಮುಂದಿನ ಲಾರಿಯ ಹಿಂದೆ ಬರೆದದ್ದನ್ನು ಗಟ್ಟಿಯಾಗಿ ಓದುವ ಚಟ. ಯಲ್ಲಾಪುರದ ಹೆದ್ದಾರಿಗೆ ಬಿದ್ದೆವೆಂದರೆ ಹಬ್ಬ. “ದೂರ ಇರು, ಮನೇಲಿ ಕಾಯ್ತಿದ್ದಾರೆ” ಎಂದು ಓದಿ, “ಯಂಗ್ಳ ಮನೇಲಿ ಯಾರೂ ಕಾಯ್ತಿಲ್ಲೆ, ಬೈಯಲೆ ಇಪ್ಪದು ಪಕ್ಕಕ್ಕೇ ಕೂತಿದ್ದು” ಎಂದು ಸೇರಿಸುವುದು. ಲಾರಿಯವರ ಕಾಗುಣಿತ ತಿದ್ದುವುದು. ತಾವೇ ಹೇಳಿ ತಾವೇ ನಗುವುದು. ನಾನು ಸಿಟ್ಟು ಬಂದವಳ ಹಾಗೆ ಹೊರಗೆ ಮುಖ ತಿರುಗಿಸಿ ನಗುತ್ತಿದ್ದೆ.

ಈ ವರ್ಷ ಮೇ ತಿಂಗಳಲ್ಲಿ ಕಾರಿಗೆ ಇರುವೆ ಹತ್ತಿತು.

ಸಮೃದ್ಧಿ ಈಗ ಯಲ್ಲಾಪುರದ ಸೊಸೆ. ಅವಳ ಮನೆಯಲ್ಲಿ ಸತ್ಯನಾರಾಯಣ ಕಥೆ ಇತ್ತು. ಹಿಂದಿನ ದಿನ ಇವರು ಅಂಗಳದ ಬಿಸಿಲಿನಲ್ಲಿ ಕಾರಿನ ಗೇರ್ ಆಯಿಲ್ ಬದಲಾಯಿಸಿದ್ದರು. ಶೀತವಾಗಿ ಮೂಗು ಕಟ್ಟಿದೆ, ಇವತ್ತು ಬೇಡ ಎಂದರೂ ಕೇಳಲಿಲ್ಲ. ಬೆಳಿಗ್ಗೆ ನಾನು ಸೀರೆ ಉಟ್ಟು ಬಂದು ನೋಡಿದರೆ, ಪಾಗಾರದ ಕಲ್ಲುಸಂದಿಯಿಂದ ಹೊರಟ ಕೆಂಪಿರುವೆಯ ಸಾಲು ಅಂಗಳ ದಾಟಿ, ಚಕ್ರ ಹತ್ತಿ, ಕಾರಿನ ಹೊಟ್ಟೆಯೊಳಗೆ ಹೋಗುತ್ತಿದೆ. ಇನ್ನೊಂದು ಸಾಲು ತೃಪ್ತಿಯಿಂದ ವಾಪಸು ಬರುತ್ತಿದೆ.

ನನ್ನ ತಲೆ ತಕ್ಷಣ ಓಡಿತು. ಇವರಿಗೆ ಸಕ್ಕರೆ ಕಾಯಿಲೆ. ಸಿಹಿ ಬಂದ್ ಮಾಡಿ ಎರಡು ವರ್ಷವಾಗಿದೆ. ಬಂದ್ ಮಾಡಿದವಳು ನಾನೇ.

“ಕಾರಲ್ಲಿ ಎಂತ ಇಟ್ಗಂಡಿದ್ರಿ? ಪೇಡೆನ? ಲಾಡೊ?”

“ಎಂತೂ ಇಲ್ಲೆ ಮಾರಾಯ್ತಿ. ಬೇಕಾದ್ರೆ ಹುಡುಕು.”

ಹುಡುಕಿದೆ. ಡ್ಯಾಶ್‌ಬೋರ್ಡಿನ ಖಾನೆ, ಸೀಟಿನ ಸಂದು, ಹಿಂದಿನ ಡಿಕ್ಕಿ. ಹಳೆಯ ಸಿರಿಂಜು, ಒಂದು ಸ್ಪ್ಯಾನರು, ಒಣಗಿದ ಕವಳದ ವೀಳ್ಯದೆಲೆ. ಇವರು ಕೈ ಕಟ್ಟಿ ನಿಂತು, ತಲೆಯನ್ನು ಒಂದು ಕಡೆಗೆ ಓರೆ ಮಾಡಿ ನನ್ನನ್ನೇ ನೋಡುತ್ತಿದ್ದರು. ಕೆಲವು ತಿಂಗಳಿಂದ ಇದೊಂದು ಹೊಸ ಅಭ್ಯಾಸ. ಹಿತ್ತಲ ಕೋಳಿ ಹುಳ ನೋಡುವ ಹಾಗೆ ಓರೆನೋಟ. “ಈ ವಯಸ್ಸಲ್ಲಿ ಎಂತ ಕಡೆಗಣ್ಣ ನೋಟ?” ಎಂದು ಎಷ್ಟೋ ಸಲ ಚೇಷ್ಟೆ ಮಾಡಿದ್ದೆ. ಆಗೆಲ್ಲ ನಗುತ್ತಿದ್ದರು.

ಹೊರಟೆವು. ಕಾರು ಆಮೆಯ ಹಾಗೆ ಹೋಗುತ್ತಿತ್ತು. ಅದೇನೂ ಹೊಸದಲ್ಲ. ದೀಪಾವಳಿಯಾದ ಮೇಲೆ ಇವರು ಹಾಗೇ ಓಡಿಸುತ್ತಿದ್ದಾರೆ. “ಕಾರಿಗೆ ವಯಸ್ಸಾತು, ಸಾವಕಾಶ ಹೋಪನ” ಎನ್ನುವುದು. ಬಸ್ಸು ಬಿಡಿ, ಹಾಲಿನ ಕ್ಯಾನು ಕಟ್ಟಿದ ಮೋಪೆಡ್ಡೂ ನಮ್ಮನ್ನು ಹಿಂದೆ ಹಾಕಿತು. ಅವತ್ತಿನ ಹೊಸ ಸಂಗತಿ ಗೇರು. ಹಾಕಲು ಹೋದರೆ ಹಿಡಿದುಕೊಳ್ಳುತ್ತದೆ, ತೆಗೆಯಲು ಹೋದರೆ ಬಿಡುವುದಿಲ್ಲ. ಮಂಚಿಕೇರಿ ದಾಟುವಷ್ಟರಲ್ಲಿ ಘಮಘಮ ವಾಸನೆ ಶುರುವಾಯಿತು.

“ಬೆಲ್ಲ ಕಾಯಿಸ್ತಾ ಇಪ್ಪ ವಾಸನೆ ಬತ್ತಾ ಇದ್ದು” ಎಂದೆ.

“ಯಾರೋ ಆಲೆಮನೆ ಹಾಕಿದ್ವಕ್ಕು.”

“ಮೇ ತಿಂಗಳಲ್ಲಿ ಯಾರ ಆಲೆಮನೆ? ಕಬ್ಬು ಮುಗಿದು ಎಷ್ಟು ದಿನಾತು!”

ಇವರು ಗೇರಿನ ಜೊತೆ ಗುದ್ದಾಡತೊಡಗಿದರು. ಯಲ್ಲಾಪುರದ ಹೆದ್ದಾರಿಗೆ ಸೇರುವ ಹೊತ್ತಿಗೆ ಗೇರು ಮೂರರಲ್ಲಿ ಕಚ್ಚಿಕೊಂಡು ಕೂತುಬಿಟ್ಟಿತು. ಕುಂಟುತ್ತ, ಕೆಮ್ಮುತ್ತ ಆನಂದನ ಗ್ಯಾರೇಜಿನ ಮುಂದೆ ಹೋಗಿ ನಿಂತೆವು. ಆನಂದ ಲಾರಿಗಳ ಮೇಸ್ತ್ರಿ. ನಮ್ಮ ಕಾರನ್ನು ರಾಣಿ ಎನ್ನುತ್ತಾನೆ. ಬಾಯಿ ಸುಮ್ಮನಿರುವ ಆಸಾಮಿಯಲ್ಲ.

“ಬರ್ರಿ ಡಾಕ್ಟ್ರೇ, ಅಕ್ಕೋರೂ ಬಂದಾರ! ಏನಾತ್ರಿ ರಾಣಿಗೆ? ಒಳಗ ಪಾಯಸ ಮಾಡೀರೇನ್ರಿ, ಓಣಿ ತುಂಬ ವಾಸ್ನಿ ಐತಲ್ರಿ.”

ಕೆಳಗೆ ತೂರಿ ಗೇರ್‌ಬಾಕ್ಸಿನ ಬಿರಡೆ ಸಡಿಲಿಸಿದ. ಕಂದು ಬಣ್ಣದ್ದು ದಾರದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಬೆರಳಿಗೆ ಹಚ್ಚಿಕೊಂಡು ಹೊರಗೆ ಬಂದ. ಮೂಸಿದ. ತಿಕ್ಕಿದ. ಇವರ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದ.

“ಅಕ್ಕೋರೆ, ಒಂದ್ ದೋಸಿ ಇದ್ರ ತರ್ರಿ.”

“ಎಂತದು?”

“ಜೋನಿಬೆಲ್ಲ ಐತ್ರಿ. ಚಲೋದೈತಿ.”

ಅಯ್ಯೋ ದೇವರೇ! ಬೆಲ್ಲವನ್ನು ಗಟ್ಟಿಯಾಗುವ ಮೊದಲೇ ಇಳಿಸಿ, ಡಬ್ಬಿಗೆ ತುಂಬಿ, ವರ್ಷವಿಡೀ ದೋಸೆಗೆ ಹಚ್ಚಿಕೊಂಡು ತಿನ್ನುವುದು ನಮ್ಮ ಕಡೆ ಇದ್ದದ್ದೇ. ಆದರೆ ಅದನ್ನು ಕಾರಿಗೆ ಕುಡಿಸಿದವರು ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ವಿಷಯ ಒಂದೊಂದಾಗಿ ಹೊರಗೆ ಬಂತು. ಕಬ್ಬಿನ ಕಾಲದಲ್ಲಿ ಸಿದ್ದಾಪುರದ ಯಾರೋ ಪರಿಚಯದವರು, ಹಿಂದೊಮ್ಮೆ ಎಮ್ಮೆ ಬದುಕಿಸಿಕೊಟ್ಟ ನೆನಪಿಗೆ ಒಂದು ಕ್ಯಾನು ಜೋನಿಬೆಲ್ಲ ಕೊಟ್ಟರಂತೆ. ಮನೆಯೊಳಗೆ ತಂದರೆ ನಾನು ಬಿಡುವುದಿಲ್ಲ. ಅದಕ್ಕೆ ಕಾರಿನ ಶೆಡ್ಡಿನಲ್ಲಿ, ಆಯಿಲ್ ಕ್ಯಾನುಗಳ ನಡುವೆ ಅಡಗಿಸಿಟ್ಟಿದ್ದರು. ಭಾನುವಾರ ಭಾನುವಾರ ಕಾರಿನ ಕೆಳಗೆ ತೂರುವ ಮೊದಲು ಒಂದು ಬೆರಳು.

“ನಾಚಿಕೆ ಆಗ್ತಿಲ್ಯ ನಿಂಗಕ್ಕೆ? ಅರವತ್ತಾರು ವರ್ಷದ ಗಂಡಸು, ಶೆಡ್ಡಲ್ಲಿ ನಿಂತ್ಗಂಡು ಬೆರಳು ಚೀಪದು!”

“ಒಂದೇ ಬೆರಳು.”

“ಗೇರ್‌ಬಾಕ್ಸಿಗೂ ಸಕ್ರಿ ಕಾಯ್ಲಿ ಬಂತ್ರಿ” ಎಂದು ಆನಂದ ಕೆಳಗಿನಿಂದಲೇ ಹೇಳಿ ನಕ್ಕ. ನನಗೂ ನಗು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರೂ ನಕ್ಕರು, ಆದರೆ ಬೇಗ ನಿಲ್ಲಿಸಿಬಿಟ್ಟರು.

ಗಣಿತ ಕಲಿಸಿದವಳಿಗೆ ಲೆಕ್ಕ ಸರಿಯಾಗದಿದ್ದರೆ ನೆಮ್ಮದಿಯಿಲ್ಲ.

“ಬೆಲ್ಲದ ಕ್ಯಾನಿಂದು ಮುಚ್ಚಳ ಎಂತ ಬಣ್ಣ?”

“ಕೆಂಪು. ಆಯಿಲ್ಲಿಂದು ಕಪ್ಪು. ಗುರ್ತಿಗೆ ಹೇಳಿ ನಾನೇ ಹಾಕಿದ್ದು.”

“ಮತ್ತೆ ಹ್ಯಾಂಗೆ ತಪ್ಪಿತು? ಅಂಗಳದಲ್ಲಿ ಅಷ್ಟು ಬಿಸಿಲಿತ್ತು. ಮೂಗು ಕಟ್ಟಿತ್ತು ಸರಿ. ಕಣ್ಣು?”

ಇವರು ಕರವಸ್ತ್ರ ತೆಗೆದು ಕನ್ನಡಕ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಆಗ ನನಗೆ ಒಂದು ಹೊಳೆಯಿತು. ಶಿರಸಿಯಿಂದ ಇಲ್ಲಿಯವರೆಗೆ ನಮ್ಮನ್ನು ಎಷ್ಟು ಲಾರಿ ದಾಟಿ ಹೋಗಿರಲಿಲ್ಲ? ಇವರು ಒಂದನ್ನೂ ಓದಲಿಲ್ಲ. ಇವತ್ತು ಮಾತ್ರವಲ್ಲ. ಸಂಕ್ರಾಂತಿಗೆ ಬಂದಾಗಲೂ ಓದಲಿಲ್ಲ. ಅದಕ್ಕೂ ಹಿಂದಿನ ಸಲ? ನೆನಪಾಗಲಿಲ್ಲ. ಗ್ಯಾರೇಜಿನ ಪಕ್ಕದಲ್ಲಿ ಮರದ ನಾಟಾ ತುಂಬಿದ ಲಾರಿಯೊಂದು ನಿಂತಿತ್ತು, ಹಿಂದಿನ ಹಲಗೆಯ ಮೇಲೆ ಕೊಡಪಾನದಷ್ಟು ದೊಡ್ಡ ಹಳದಿ ಅಕ್ಷರ.

“ಆ ಲಾರಿ ಹಿಂದೆ ಎಂತ ಬರದ್ದು, ಓದಿ.”

ಇವರು ತಿರುಗಿದರು. ತಲೆ ಓರೆಯಾಯಿತು, ಕೋಳಿಯ ಹಾಗೆ. ನಾನು ಚೇಷ್ಟೆ ಮಾಡಿ ನಗುತ್ತಿದ್ದ ಅದೇ ಓರೆನೋಟ.

“ಹಳದಿ ಎಂತೋ ಇದ್ದು. ನಡುವಿಂದು ಕಾಣ್ತಿಲ್ಲೆ. ಹೊಗೆ ಕೂತಂಗೆ ಆಗ್ತು. ಅಂಚು ಮಾತ್ರ ಕಾಣ್ತು.”

“ಎಂದಿಂದ?”

“ಮಳೆಗಾಲ ಮುಗಿದ ಮೇಲೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗ್ಯಾರೇಜು, ಹೆದ್ದಾರಿ, ಜನ ಒಂದನ್ನೂ ನೋಡದೆ ಕೂಗಾಡಿದೆ. ಕಣ್ಣು ಕಾಣದೆ ಘಟ್ಟದ ತಿರುವಿನಲ್ಲಿ ನನ್ನನ್ನು ಕೂರಿಸಿಕೊಂಡು ಬಂದರಲ್ಲ, ಏನಾದರೂ ಆಗಿದ್ದರೆ? ರಸ್ತೆ ಬಾಯಿಪಾಠ ಇದ್ದು ಎಂದರು. ರಸ್ತೆ ಬಾಯಿಪಾಠ ಇರಬಹುದು, ಸೈಕಲ್ಲು ಹೊಡೆದುಕೊಂಡು ಬರುವ ಮಗು ಬಾಯಿಪಾಠ ಇರುತ್ತದೆಯೇ?

“ಎಂತಕ್ಕೆ ಹೇಳಿದ್ರಿಲ್ಲೆ?”

“ಹೇಳಿದ್ರೆ ಕೀ ಕಸ್ಕತ್ತಿದ್ದೆ ನೀನು.”

ಹೌದು, ಕಸಿದುಕೊಳ್ಳುತ್ತಿದ್ದೆ. ಅಲ್ಲೇ, ಆ ಕ್ಷಣವೇ. ಈಗ ಅವರೇ ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು. ಇಪ್ಪತ್ತು ವರ್ಷ ಬೇಡಿದ ಕೀ. ಅದು ಹೀಗೆ ಸಿಗುವುದು ನನಗೆ ಬೇಕಿರಲಿಲ್ಲ. ಕಾರಿಗೆ ವಯಸ್ಸಾತು, ಕಾರಿಗೆ ವಯಸ್ಸಾತು ಎಂದು ಇಷ್ಟು ದಿನ ಪಾಪದ ಕಾರಿನ ಮೇಲೆ ಹಾಕಿದ್ದನ್ನು ನೆನೆದು ಅಳು ಬಂತು. ಆನಂದ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದ. ಆಮೇಲೆ ಮೆತ್ತಗೆ, “ರಾಣಿನ ನಾ ನೋಡ್ಕೋತೀನ್ರಿ ಅಕ್ಕೋರೆ. ಬಿಸಿನೀರು ಹಾಕಿ ತೊಳದ್ರ ಬೆಲ್ಲ ಬಿಡ್ತೈತಿ. ನೀವು ಮೊದ್ಲು ಅವರ ಕಣ್ಣು ತೋರಿಸ್ರಿ” ಎಂದ. ಸಮೃದ್ಧಿಯ ಮನೆಯಲ್ಲಿ ಪ್ರಸಾದ ತಿಂದು ಬಸ್ಸಿನಲ್ಲಿ ಶಿರಸಿಗೆ ಬಂದೆವು. ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಕೂರಲಿಲ್ಲ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಒಳ್ಳೆಯ ಹೆಣ್ಣುಮಗಳು. ಮುಚ್ಚಿಡದೆ ಹೇಳಿದರು. ಕಣ್ಣಿನ ಒಳಪರದೆಯ ನಡುಭಾಗ ಕೆಟ್ಟಿದೆ. ತಿಂಗಳಿಗೊಮ್ಮೆ ಇಂಜೆಕ್ಷನ್ ಹಾಕಿದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದು ಕಷ್ಟ. ಗಾಡಿ ಓಡಿಸುವ ಮಾತೇ ಇಲ್ಲ. ಜೀವಮಾನವಿಡೀ ದನಗಳಿಗೆ ಸೂಜಿ ಚುಚ್ಚಿದವರು, ಕಣ್ಣಿಗೆ ಇಂಜೆಕ್ಷನ್ ಎಂದಕೂಡಲೇ ನನ್ನ ಕೈ ಹಿಡಿದುಕೊಂಡರು. “ಕೆರಿಯನ ದನದಂಗೆ ಬೆಟ್ಟ ಹತ್ತಡಿ, ಇಲ್ಲೇ ಕೂತ್ಗಳಿ” ಎಂದೆ. ನಗಲಿಲ್ಲ.

ಆನಂದ ಕಾರನ್ನು ತಾನೇ ಓಡಿಸಿಕೊಂಡು ಬಂದು ಶೆಡ್ಡಿಗೆ ಹಾಕಿ, ಕೀಯನ್ನು ನನ್ನ ಕೈಗೇ ಕೊಟ್ಟು ಹೋದ. ಗೇರ್‌ಬಾಕ್ಸು ಬದುಕಿತ್ತು. ಇವರು ಭಾನುವಾರ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಕೆಳಗೆ ತೂರುವುದಿಲ್ಲ. ಬಟ್ಟೆ ಹಿಡಿದು ಮೈ ಒರೆಸುವುದು, ಟಯರು ಒತ್ತಿ ನೋಡುವುದು, ಬಂದು ಸುಮ್ಮನೆ ಜಗಲಿಯಲ್ಲಿ ಕೂರುವುದು. ನನ್ನ ಜೊತೆ ಜಗಳ ಕೂಡ ಆಡುತ್ತಿರಲಿಲ್ಲ. ಇಂಥ ಶಾಂತಿ ನನಗೆ ಬೇಡವೇ ಬೇಡ.

ಹೀಗಿರುವಾಗ ಪ್ರಥಮ ಎಂಬ ಹುಡುಗ ಬಂದ. ಯಲ್ಲಾಪುರದ ಹತ್ತಿರ ಹೋಮ್‌ಸ್ಟೇ ನಡೆಸುತ್ತಾನೆ. ಡಾಕ್ಟರು ಇನ್ನು ಕಾರು ಓಡಿಸುವುದಿಲ್ಲವಂತೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಕಾರನ್ನು ಗೇಟಿನ ಹತ್ತಿರ ಕಟ್ಟೆ ಕಟ್ಟಿ ನಿಲ್ಲಿಸುತ್ತಾನಂತೆ. ಎಂಜಿನ್ನು ತೆಗೆದು ಅಲ್ಲಿ ಹೂವಿನ ಗಿಡ ನೆಡುತ್ತಾನಂತೆ. ಬಂದವರು ಒಳಗೆ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ.

“ಚೆನಾಗಿ ನೋಡ್ಕತ್ತೆ ಡಾಕ್ಟ್ರೇ. ರಾತ್ರೆ ಬಣ್ಣದ ಲೈಟು ಹಾಕ್ತೆ.”

ಇವರು ನನ್ನ ಕಡೆ ಓರೆಯಾಗಿ ತಿರುಗಿದರು.

“ಕೊಟ್ಬಿಡನ. ನಿಂತಲ್ಲೇ ನಿಂತ್ರೆ ಹಾಳಾಗ್ತು.”

“ಅಲ್ಲಿ ಕಟ್ಟೆ ಮೇಲೆ ಎಂತ ಓಡ್ತ ಅದು?” ಎಂದು ಎದ್ದೆ. “ನಾಲ್ಕು ಲಕ್ಷ ಓಡಿದ ಗಾಡಿ ಹೊಟ್ಟೆಲಿ ಗುಲಾಬಿ ಗಿಡ ನೆಡ್ತ್ರ? ನಿಂಗ್ಳ ಕಣ್ಣಲ್ಲಿ ಇದ್ದಿದ್ದು ಉಳಿಸ್ಕಂಬಲೆ ತಿಂಗ್ಳು ತಿಂಗ್ಳು ಹುಬ್ಬಳ್ಳಿಗೆ ಎಂತಕ್ಕೆ ಹೋಪದು ಹಾಂಗಾದ್ರೆ? ನಿಂಗ್ಳನ್ನೂ ಅಲ್ಲೇ ಕೂರ್ಸಿ ಲೈಟು ಹಾಕಿ ಬಿಡ್ಲ? ಪ್ರಥಮ, ನೀನು ಚಾ ಕುಡದು ಹೋಗು. ಈ ಗಾಡಿಗೆ ಡ್ರೈವರ್ ಇದ್ದು.”

ಪ್ರಥಮ ಚಾ ಕೂಡ ಕುಡಿಯದೆ ಹೋದ. ಇವರು ಕೇಳಿದರು, “ಯಾರು ಡ್ರೈವರು?” ಉತ್ತರ, ಆ ಕಾರಿನ ಕೀ, ನನ್ನ ಸೆರಗಿನ ತುದಿಯ ಗಂಟಿನಲ್ಲಿತ್ತು.

ಮುಂದಿನ ಇಂಜೆಕ್ಷನ್ನಿಗೆ ಕಾರಿನಲ್ಲೇ ಹೊರಟೆವು. ನಾನು ಬಲಗಡೆ, ಅವರು ಎಡಗಡೆ. ಅಬ್ಬಬ್ಬ, ಎಡಗಡೆ ಕೂತ ಮನುಷ್ಯನ ಉಪದ್ರವ ಯಾರಿಗೂ ಬೇಡ. ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಿನ ಕೆಳಗಿನ ರಬ್ಬರು ಹರಿಯುವುದೊಂದು ಬಾಕಿ. “ಈಗ ಹಾಕು ಎರಡನೇದು. ಎಳೆಯಡ, ಅದಾಗೇ ಬತ್ತು. ಎಂಜಿನ್ ಎಂತ ಹೇಳ್ತು ಕೇಳು.” ಎಂಜಿನ್ ಹೇಳುವುದು ಇವರ ಬಾಯಿ ಮುಚ್ಚಿದರೆ ತಾನೆ ಕೇಳುವುದು! ಕ್ಲಚ್ಚಿನ ವಿಷಯದಲ್ಲಿ ಮಾತ್ರ ಇವರು ಸುಳ್ಳು ಹೇಳಿರಲಿಲ್ಲ. ನಿಜಕ್ಕೂ ಬೇರೆ ನಮೂನೆ. ಊರು ದಾಟುವುದರೊಳಗೆ ಎರಡು ಸಲ ಬಂದ್ ಬಿತ್ತು. ಮಂಚಿಕೇರಿಯ ಹೊತ್ತಿಗೆ ಅದಕ್ಕೂ ನನಗೂ ಹೊಂದಾಣಿಕೆಯಾಯಿತು. ಯಲ್ಲಾಪುರ ಬಂದಾಗ ಇವರು ಒಂದೇ ಮಾತು ಹೇಳಿದರು.

“ಅಡ್ಡಿಲ್ಲೆ.”

ನಮ್ಮ ಕಡೆಯ ಗಂಡಸರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಅಷ್ಟೇ ಹೇಳಿದ್ದರಂತೆ.

ಹುಬ್ಬಳ್ಳಿಯ ಹೆದ್ದಾರಿಗೆ ಬಿದ್ದ ಮೇಲೆ ಮುಂದೆ ಒಂದು ಲಾರಿ ಸಿಕ್ಕಿತು. ಇವರ ತಲೆ ಅಭ್ಯಾಸದಂತೆ ಮುಂದಕ್ಕೆ ಬಾಗಿತು, ಓರೆಯಾಯಿತು, ಮತ್ತೆ ಹಿಂದಕ್ಕೆ ಹೋಯಿತು. ನಾನು ಸ್ಟೇರಿಂಗು ಗಟ್ಟಿಯಾಗಿ ಹಿಡಿದುಕೊಂಡೆ. ಲಾರಿಯ ಹಿಂದೆ ಏನೂ ಬರೆದಿರಲಿಲ್ಲ, ಬರಿ ಧೂಳು ಹಿಡಿದ ಹಲಗೆ.

“ಬೆಲ್ಲ ಕದ್ದವಕ್ಕೆ ಎಡಗಡೆ ಸೀಟು” ಎಂದು ಗಟ್ಟಿಯಾಗಿ ಓದಿದೆ.

ಇವರು ಲಾರಿಯ ಕಡೆ ಮತ್ತೊಮ್ಮೆ ತಲೆ ಓರೆ ಮಾಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು.

“ಸುಳ್ಳು. ಹಾಂಗೆ ಯಾರೂ ಬರಿತ್ವಿಲ್ಲೆ.”

“ನಂಬಿಕೆ ಇಲ್ದಿದ್ರೆ ನಿಂಗಳೇ ಓದ್ಕಳಿ.”

“ಬ್ಯಾಡ” ಎಂದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತ. “ಹಿಂದೆ ಇನ್ನೊಂದು ಬತ್ತಾ ಇದ್ದು, ಸದ್ದು ಕೇಳ್ತು. ಅದು ಮುಂದೆ ಹೋಗ್ಲಿ. ಅದ್ರದ್ದೂ ಓದು.”

ನಾನು ಕಾರನ್ನು ಸ್ವಲ್ಪ ಎಡಕ್ಕೆ ತೆಗೆದುಕೊಂಡು ಆ ಲಾರಿಗೆ ದಾರಿ ಬಿಟ್ಟೆ.